ಮೂರು ಮೊಗ್ಗಿನ ಟೋಪಿ

ಪೋರ್ಟರ್ ರ್ಯಾಂಚ್, ಲಾಸ್ ಏಂಜಲೀಸ್
18 ನವೆಂಬರ್ 2001

ಮಹಾಂತಪ್ಪನವರಿಗೆ ಶಫಿಯ ಸಲಾಂ.

ನೀವು ಸ್ಯಾನ್ ಡಿಯಾಗೋಗೆ, ಮಗಳು ನಮ್ರತಾ ಮನೆಗೆ ಬಂದು ನೆಲೆಸಿದ್ದೀರಿ ಅಂತ ನಂಜುಂಡಪ್ಪ ಕೋಲಾರದಿಂದ ಬರೆದಿದ್ದ. ಚಿನ್ನದ ಗಣಿಯಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕೇಜಿನಲ್ಲಿ, ಆ ಕಬ್ಬಿಣದ ಪಂಜರದಲ್ಲಿ, ಇಳಿದು ಹತ್ತಿದ ನಾವು, ಗಣಿ ಮುಚ್ಚಿದ ವರ್ಷವೇ ಸಮುದ್ರ ದಾಟಿ ಮತ್ತೆ ಅಕ್ಕಪಕ್ಕದ ಊರಿಗೆ ಬಿದ್ದಿದ್ದೇವೆ. ದಯವಿಟ್ಟು ಫೋನ್ ಮಾಡಬೇಡಿ. ಗಣಿಯ ಸಿಡಿಮದ್ದಿನ ಸದ್ದು ನನ್ನ ಎರಡೂ ಕಿವಿ ತಿಂದು ಹಾಕಿದೆ. ಎದುರಿದ್ದವರ ತುಟಿ ನೋಡಿ ಮಾತು ತಿಳಿಯುತ್ತೇನೆ. ಫೋನಿಗೆ ತುಟಿ ಇಲ್ಲ.

ನನ್ನ ಹೆಂಡತಿ ಬದರುನ್ನೀಸಾ ಚೆನ್ನಾಗಿದ್ದಾಳೆ. ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಆ ಕಟ್ಟಡಗಳು ಬಿದ್ದಾಗಿನಿಂದ ದೊಡ್ಡ ಮಗ ಆದಿಲ್ ಮಾತ್ರ ಹೆದರಿದ್ದಾನೆ. "ಅಬ್ಬಾ, ಸ್ವಲ್ಪ ದಿನ ವಾಕಿಂಗ್‌ಗೆ ಟೋಪಿ ಹಾಕ್ಕೊಂಡ್ ಹೋಗ್ಬೇಡಿ" ಅಂದ. ಬರಿತಲೆಯಲ್ಲಿ ಹೋಗುತ್ತೇನೆ.

ಇನ್ನೊಂದು ಟೋಪಿಯ ವಿಷಯಕ್ಕೇ ಈ ಪತ್ರ. ಶಿಫ್ಟ್ ಮುಗಿಸಿ ಗೇಟಿನಲ್ಲಿ ತಪಾಸಣೆಗೆ ನಿಂತಾಗ ಕಾವಲಿನವರು ನನ್ನನ್ನು ಎರಡು ಸಲ ತಡವುತ್ತಿದ್ದರಲ್ಲ, "ಟೋಪಿ ಕದ್ದೋನ ಮೊಮ್ಮಗ, ಸರಿಯಾಗ್ ನೋಡ್ರೋ" ಅನ್ನುತ್ತಿದ್ದರಲ್ಲ. ನೀವು ಒಮ್ಮೆ ಅವರ ಮೇಲೆ ಕೈ ಎತ್ತಿದ್ದಿರಿ. ಆದರೆ ಕಥೆ ಏನು ಅಂತ ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ತಾತ ಹುಸೇನ್, ಐಡ್ರಿಸ್ ಪ್ರಾಸರ್ ಎಂಬ ಗಣಿ ದೊರೆಯ ಬಟ್ಲರ್ ಆಗಿದ್ದರು. ಪ್ರಾಸರ್ ವೇಲ್ಸ್ ದೇಶದವನು. ಆ ದೇಶ ರಗ್ಬಿ ಆಡಲು ಶುರುಮಾಡಿದ ಮೊದಮೊದಲ ವರ್ಷಗಳಲ್ಲಿ ಮೂರು ಪಂದ್ಯ ಆಡಿದ್ದ. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಓಡುವ ಆಟ ಅದು. ದೇಶಕ್ಕಾಗಿ ಆಡಿದವನಿಗೆ ಅವರು ಕುಚ್ಚಿನ ಮಖಮಲ್ ಟೋಪಿ ಕೊಡುತ್ತಾರೆ. 1904ರಲ್ಲಿ ಗಣಿ ಬಿಟ್ಟು ಹೊರಟ ದಿನ ದೊರೆ ಆ ಕೆಂಪು ಟೋಪಿಯನ್ನು ತಾತನ ತಲೆಗೆ ತಾನೇ ಇಟ್ಟನಂತೆ. ಹದಿನೈದೇ ದಿನಕ್ಕೆ ಮದರಾಸಿನಿಂದ ಪೊಲೀಸರಿಗೆ ಅವನ ಪತ್ರ ಬಂತು: ಟೋಪಿ ಕಾಣೆಯಾಗಿದೆ, ಬಟ್ಲರನ ಮನೆ ಹುಡುಕಿ.

ಪೊಲೀಸರ ಮುಂದೆ ತಾತ "ದೊರೆ ಕೊಟ್ಟರು" ಅಂದರು. ಒಳಗೆ ಅಜ್ಜಿ, ಗಂಡನನ್ನು ಉಳಿಸಬೇಕು ಅಂತ, ಟೋಪಿಯನ್ನು ರಾಗಿ ಮಡಕೆಯಲ್ಲಿ ಹುಗಿದು "ನಮ್ಮನೇಲಿ ಯಾವ ಟೋಪೀನೂ ಇಲ್ಲ" ಅಂದುಬಿಟ್ಟರು. ಕೊಟ್ಟಿದ್ದಾದರೆ ಹೆಂಡತಿ ಇಲ್ಲ ಅನ್ನುವುದೇಕೆ ಅಂತ ಅವರು ಕೇಳಿದರು. ಪೊಲೀಸರಿಗೆ ಟೋಪಿ ಸಿಗಲಿಲ್ಲ, ತಾತನಿಗೆ ಆರು ತಿಂಗಳು ಜೈಲು ಸಿಕ್ಕಿತು.

ಹೊರಗೆ ಬಂದ ಮೇಲೆ ತಾತ ಹಟಕ್ಕೆ ಒಂದು ಪದ್ಧತಿ ಹಾಕಿದರು. ನಮ್ಮ ಮನೆಯ ಪ್ರತಿ ನಿಕಾಹ್‌ನಲ್ಲಿ ಹಿರಿಯರು ಆ ಟೋಪಿಯನ್ನು ಮದುಮಗನ ತಲೆಗಿಟ್ಟು, ಸಭೆಗೆಲ್ಲ ಕೇಳುವಂತೆ ಹೇಳಬೇಕು: "ಇದು ಪ್ರಾಸರ್ ದೊರೆ ಹುಸೇನನಿಗೆ ಕೈಯಾರೆ ಕೊಟ್ಟಿದ್ದು." ಆದಿಲ್ ನಿಕಾಹ್‌ನಲ್ಲಿ ನಾನು ಹೇಳಿದೆ. ಹೇಳುವಾಗ ನಾಲಿಗೆ ಒಂದು ಕ್ಷಣ ತಡೆಯಿತು. ಇನ್ನು ಚಿಕ್ಕವ ಮುಜ್ತಬಾನ ಸರದಿ. ಅಷ್ಟರೊಳಗೆ ಆ ಮಾತು ನಿಜ ಅಂತ ನನಗೆ ತಿಳಿಯಬೇಕು.

ದೊರೆ ಕೋಲಾರದಿಂದ ಕ್ಯಾಲಿಫೋರ್ನಿಯಾಗೆ ಬಂದು ಸ್ಯಾನ್ ಡಿಯಾಗೋದಲ್ಲಿ ತೀರಿಕೊಂಡ ಅಂತ ಗಣಿ ಆಫೀಸಿನ ಹಳೆಯ ಫೈಲಿನಲ್ಲಿ ಓದಿದ್ದೆ. ಅವನು ಏನಾದರೂ ಬರೆದಿಟ್ಟಿರಬಹುದು. ನೀವು ಆ ಊರಲ್ಲಿದ್ದೀರಿ. ನನಗೆ ಕೇಳಲು ಬೇರೆ ಯಾರೂ ಇಲ್ಲ.

ನಿಮ್ಮ
ಶಫಿ


ಸ್ಕ್ರಿಪ್ಸ್ ರ್ಯಾಂಚ್, ಸ್ಯಾನ್ ಡಿಯಾಗೋ
9 ಮಾರ್ಚ್ 2002

ಶಫಿ ಸಾಹೇಬರಿಗೆ ಮಹಾಂತಪ್ಪನ ಶರಣು.

ನಿಮ್ಮ ಅಕ್ಷರ ಕಂಡು ಬಹಳ ದಿನದ ಮೇಲೆ ನಕ್ಕೆ. ಇಲ್ಲಿ ಮೊಮ್ಮಕ್ಕಳು ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತವೆ. ನಮ್ರತಾ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾನು ಮತ್ತು ತೀರಿಹೋದ ನನ್ನ ಹೆಂಡತಿ ಶಿವಕ್ಕನ ಫೋಟೊ. ಹೀಗಿರುವಾಗ ನೀವು ಕೆಲಸ ಕೊಟ್ಟಿರಿ.

ಶನಿವಾರ ಶನಿವಾರ ಮಗಳು ಡೌನ್‌ಟೌನ್ ಲೈಬ್ರರಿಗೆ ಡ್ರಾಪ್ ಮಾಡುತ್ತಾಳೆ. ಹಳೆಯ ಪತ್ರಿಕೆಗಳ ಫಿಲ್ಮನ್ನು ಯಂತ್ರದಲ್ಲಿ ತಿರುಗಿಸಿ ಓದಬೇಕು. ಹನ್ನೊಂದನೇ ಶನಿವಾರ ನಿಮ್ಮ ದೊರೆ ಸಿಕ್ಕ. ಸತ್ತದ್ದು 1934ರಲ್ಲಿ, ಒಂದು ಬೋರ್ಡಿಂಗ್ ಮನೆಯಲ್ಲಿ. ಸುದ್ದಿ ನನ್ನ ಅಂಗೈಯಷ್ಟಿದೆ.

ನೋಡ್ರಿ, ಅವನೂ ನಮ್ಮ ಜಾತಿಯವನೇ, ಗಣಿಯವ. ಕಲ್ಲಿದ್ದಲ ಕಣಿವೆಯಲ್ಲಿ ಹುಟ್ಟಿ ಹತ್ತು ವರ್ಷಕ್ಕೇ ಭೂಮಿಯೊಳಗೆ ಇಳಿದವ. ಮೊದಲ ಪಂದ್ಯಕ್ಕೆ ಆಟದ ಬೂಟು ಇಲ್ಲದೆ ಗಣಿಯ ಬೂಟಿನಲ್ಲೇ ಆಡಿದನಂತೆ. ವೇಲ್ಸ್ ಕೆಟ್ಟದಾಗಿ ಸೋತಿತಂತೆ. ಎರಡನೆಯದರಲ್ಲಿ ಅವನ ಕತ್ತಿನ ಕೆಳಗಿನ ಎಲುಬು ಮುರಿಯಿತು. ಮೂರನೆಯದರಲ್ಲಿ ಗೆದ್ದರು. ಆಮೇಲೆ ಅವನನ್ನು ಕರೆಯಲಿಲ್ಲ. ಕೋಲಾರದಿಂದ ಬಂದವ ಲಾಸ್ ಏಂಜಲೀಸಿನ ಎಣ್ಣೆ ಬಾವಿಗಳಲ್ಲಿ ದುಡಿದ, ಕೊನೆಗೆ ಇಲ್ಲಿ ಹಡಗುಕಟ್ಟೆಯ ಕಾವಲು ಕಾದ. ಭಾನುವಾರ ಬಯಲಿನಲ್ಲಿ ಶಾಲೆಯ ಮಕ್ಕಳಿಗೆ ಆ ಆಟ ಹೇಳಿಕೊಡುತ್ತಿದ್ದನಂತೆ. ಮದುವೆ ಇಲ್ಲ, ಮಕ್ಕಳಿಲ್ಲ.

ಟೋಪಿಯ ಮಾತು ಇಲ್ಲ. ನಾನು ಬಿಡುವುದಿಲ್ಲ.

ನಿಮ್ಮವ
ಮಹಾಂತಪ್ಪ


ಪೋರ್ಟರ್ ರ್ಯಾಂಚ್
2 ಜೂನ್ 2002

ಮಹಾಂತಪ್ಪನವರೇ,

ನಿಮ್ಮ ಪತ್ರವನ್ನು ಮೊಮ್ಮಗಳು ಫಲಕ್‌ಗೆ ಓದಿ ಹೇಳಿದೆ. ಗಣಿಯ ಬೂಟಿನಲ್ಲಿ ಆಡಿದ ಮಾತು ಅವಳಿಗೆ ಬಹಳ ಹಿಡಿಸಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಲುಬು ಮುರಿದವನನ್ನು ಬಯ್ಯುವುದು ಕಷ್ಟ.

ಟೋಪಿಯ ಫೋಟೊ ಇಟ್ಟಿದ್ದೇನೆ. ಹಣೆಯ ಮೇಲೆ ಬೆಳ್ಳಿ ದಾರದ ಮೂರು ಮೊಗ್ಗು ಕಾಣುತ್ತವೆ, ನೋಡಿ. ದೊರೆ ಕೊಟ್ಟ ದಿನ ಹೇಗಿತ್ತೋ ಹಾಗೇ ಇದೆ, ಒಂದು ದಾರ ಕೂಡ ಬದಲಾಗಿಲ್ಲ. ಇದನ್ನು ಬರೆಯುವಾಗ ಬದರುನ್ನೀಸಾ ಹೆಗಲ ಮೇಲಿಂದ ಓದಿ, ಎದುರಿಗೆ ಬಂದು, "ಸುಳ್ಳು ಬರೀತೀರಲ್ರೀ" ಅಂತ ನಕ್ಕಳು. ಅವಳ ತಮಾಷೆ ನಿಮಗೆ ಗೊತ್ತೇ ಇದೆ.

ಶಫಿ


ಸ್ಕ್ರಿಪ್ಸ್ ರ್ಯಾಂಚ್
7 ಸೆಪ್ಟೆಂಬರ್ 2003

ಶಫಿ ಸಾಹೇಬರೇ,

ಕಣ್ಣಿನ ಆಪರೇಷನ್ ಆಗಿ ಒಂದು ವರ್ಷ ಕುರುಡನಾಗಿ ಕೂತಿದ್ದೆ, ಅದಕ್ಕೇ ತಡ. ಈಗ ಕೂತು ಓದಿ.

ಬೋರ್ಡಿಂಗ್ ಮನೆ ನಡೆಸುತ್ತಿದ್ದ ಹೆಂಗಸಿನ ಮಗಳು ಇನ್ನೂ ಇದ್ದಾಳೆ. ಹೆಸರು ಮಿಸೆಸ್ ಟಟ್ಲ್, ಎಂಬತ್ತೊಂದು ವರ್ಷ. ದೊರೆ ಸತ್ತಾಗ ಅವಳಿಗೆ ಹನ್ನೆರಡು. ನಾನು ಚಿನ್ನದ ಗಣಿಯವ ಅಂದ ತಕ್ಷಣ ಒಳಗೆ ಹೋಗಿ ಬಿಸ್ಕೆಟ್ ಡಬ್ಬಿ ತಂದಳು. ಅದರೊಳಗೆ ಅವನ ಕೈಬರಹದ ನೋಟ್‌ಬುಕ್. ನೂರು ಹಾಳೆಗಿಂತ ಹೆಚ್ಚು, ಬದುಕಿನ ಕಥೆಯನ್ನೆಲ್ಲ ಬರೆದಿದ್ದಾನೆ. ಓದಿ ವಾಪಸ್ ಕೊಡಿ ಅಂತ ನನ್ನ ಕೈಗೇ ಕೊಟ್ಟಳು.

ಈಗ ಇದು ನನ್ನ ಮೇಜಿನ ಮೇಲಿದೆ. ಮುಜ್ತಬಾನಿಗೆ ಹೆಣ್ಣು ನೋಡಲು ಶುರುಮಾಡಿ.

ಮಹಾಂತಪ್ಪ


ಪೋರ್ಟರ್ ರ್ಯಾಂಚ್
15 ಸೆಪ್ಟೆಂಬರ್ 2003

ಮಹಾಂತಪ್ಪನವರೇ,

ಎಷ್ಟನೇ ಪುಟದಲ್ಲಿದ್ದೀರಿ? ಕೋಲಾರ ಬಂತೆ? ದಿನಕ್ಕೆ ಎರಡು ಸಲ ಅಂಚೆ ಡಬ್ಬಿ ತೆರೆಯುತ್ತಿದ್ದೇನೆ, ಬದರುನ್ನೀಸಾ ನಗುತ್ತಾಳೆ.

ಶಫಿ


ಸ್ಕ್ರಿಪ್ಸ್ ರ್ಯಾಂಚ್
10 ಅಕ್ಟೋಬರ್ 2003

ಶಫಿ ಸಾಹೇಬರೇ,

ಅವನ ಅಕ್ಷರ ಕಷ್ಟ. ಕಣ್ಣು ನೀರಾಡುತ್ತದೆ. ಅವಸರ ಮಾಡಬೇಡಿ. ಇಲ್ಲಿ ಬಿಸಿಗಾಳಿ ಬೀಸುತ್ತಿದೆ, ಮಲಬದ್ಧತೆ ಬೇರೆ. ಬದರುನ್ನೀಸಾ ಅವರಿಗೆ ಶರಣು ಹೇಳಿ.

ಮಹಾಂತಪ್ಪ


ಮೀರಾ ಮೇಸಾ, ಸ್ಯಾನ್ ಡಿಯಾಗೋ
16 ನವೆಂಬರ್ 2003

ಶಫಿ ಸಾಹೇಬರೇ,

ಟಿವಿಯಲ್ಲಿ ನೋಡಿರುತ್ತೀರಿ. ಅಕ್ಟೋಬರ್ 26ರ ಭಾನುವಾರ ಬೆಳಿಗ್ಗೆ ಬೆಂಕಿ ನಮ್ಮ ಬೀದಿಗೆ ಇಳಿಯಿತು. ಹೊರಡಲು ಹತ್ತು ನಿಮಿಷ ಕೊಟ್ಟರು. ಸಂಜೆಗೆ ಮನೆ ಇರಲಿಲ್ಲ. ಈಗ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದೇವೆ. ನಮ್ರತಾ ಇನ್ಶೂರೆನ್ಸ್ ಪೇಪರ್ ತುಂಬುತ್ತಾ ನಡುನಡುವೆ ಅಳುತ್ತಾಳೆ.

ನೋಟ್‌ಬುಕ್ ಹೋಯಿತು. ಮಿಸೆಸ್ ಟಟ್ಲ್‌ಗೆ ಹೇಳಿದೆ. ಅವಳು ನನ್ನ ಕೈ ಹಿಡಿದು ಸಮಾಧಾನ ಮಾಡಿದಳು.

ಅದಕ್ಕೆ ಮೊದಲೇ ನಾನು ಪೂರ್ತಿ ಓದಿ ಮುಗಿಸಿದ್ದೆ. ನಿಮ್ಮ ತಾತನ ಬಗ್ಗೆ ಏನೂ ಇರಲಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಕ್ಷಮಿಸಿ.

ಮಹಾಂತಪ್ಪ


ಪೋರ್ಟರ್ ರ್ಯಾಂಚ್
1 ಡಿಸೆಂಬರ್ 2003

ಮಹಾಂತಪ್ಪನವರೇ,

ನೀವು ಜೀವಂತ ಇದ್ದೀರಿ, ಅದು ದೊಡ್ಡದು. ಆದಿಲ್ ಕೈಲಿ ಕಂಬಳಿ, ಪಾತ್ರೆ ಕಳಿಸಿದ್ದೇನೆ. ಬದರುನ್ನೀಸಾ ಎರಡು ಡಬ್ಬಿ ಶಾವಿಗೆ ಇಟ್ಟಿದ್ದಾಳೆ, ಬೇಡ ಅನ್ನಬೇಡಿ.

ಹತ್ತು ವರ್ಷ ತನಗೆ ಅಡಿಗೆ ಮಾಡಿ ಬಡಿಸಿದವನ ಹೆಸರನ್ನೂ ದೊರೆ ಬರೆಯಲಿಲ್ಲ ಅಂದರೆ ನಂಬುವುದು ಕಷ್ಟ. ಆದರೂ ಓದಿದವರು ನೀವು. ನೀವು ಇಲ್ಲ ಅಂದ ಮೇಲೆ ಇಲ್ಲ.

ಶಫಿ


ಪೋರ್ಟರ್ ರ್ಯಾಂಚ್
20 ಫೆಬ್ರವರಿ 2005

ಮಹಾಂತಪ್ಪನವರೇ,

ಬದರುನ್ನೀಸಾ ಹೋದಳು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಕೊನೆಗೆ ಏನೋ ಹೇಳಿದಳು, ಮೂಗಿಗೆ ಬಾಯಿಗೆ ಮಾಸ್ಕ್ ಹಾಕಿದ್ದರು, ತುಟಿ ಕಾಣಲಿಲ್ಲ. ಏನು ಹೇಳಿದಳೋ ನನಗೆ ಗೊತ್ತಿಲ್ಲ. ನಲವತ್ತೈದು ವರ್ಷದ ಸಂಸಾರ ಹಾಗೆ ಮುಗಿಯಿತು.

ಬೇರೆ ಏನೂ ಬರೆಯಲಾಗುತ್ತಿಲ್ಲ.

ಶಫಿ


ಸ್ಕ್ರಿಪ್ಸ್ ರ್ಯಾಂಚ್
22 ಏಪ್ರಿಲ್ 2006

ಶಫಿ ಸಾಹೇಬರೇ,

ಹೋದ ತಿಂಗಳು ಕ್ಯಾಲಬಾಸಸ್‌ನ ದೇವಸ್ಥಾನದ ಹತ್ತಿರ ನಿಮ್ಮನ್ನು ನೋಡಿ ಎದೆ ಒಡೆಯಿತು. ನಮ್ರತಾ ದೇವಸ್ಥಾನದ ಒಳಗಿದ್ದಾಗ ನಾವಿಬ್ಬರು ಪಾರ್ಕಿಂಗ್ ಪಕ್ಕದ ಕಟ್ಟೆಯ ಮೇಲೆ ಪುಳಿಯೋಗರೆ ತಿಂದೆವು. ಮುಜ್ತಬಾನ ಮದುವೆಯ ಮಾತು ನಡೆದಿದೆ, ಆದರೆ ಟೋಪಿ ಇಟ್ಟು ಆ ಮಾತು ಹೇಳುವ ಶಕ್ತಿ ನನಗಿಲ್ಲ ಅಂದಿರಿ. "ತಾತ ಕಳ್ಳ ಇರ್ಬೇಕು ಕಣ್ರೀ, ಅದಕ್ಕೇ ದೊರೆ ಹೆಸ್ರೂ ಎತ್ತಿಲ್ಲ" ಅಂದಿರಿ.

ಹೊಸದಾಗಿ ಕಟ್ಟಿಸಿದ ನಮ್ಮ ಮನೆಗೆ ಬಂದು ಹಳೆಯ ಕಾರಿನ ಡಿಕ್ಕಿ ಕ್ಲೀನ್ ಮಾಡುವಾಗ ಒಂದು ಕಾಗದ ಸಿಕ್ಕಿತು. ಆಗ ನೋಟ್‌ಬುಕ್ಕಿನ ಒಂದು ಭಾಗವನ್ನು ಕನ್ನಡಕ್ಕೆ ಇಳಿಸಿಕೊಂಡಿದ್ದೆ, ಬೆಂಕಿಯ ಗಾಬರಿಯಲ್ಲಿ ಮರೆತೇ ಹೋಗಿತ್ತು. ದೊರೆಯ ಮಾತು ಹೀಗಿದೆ:

"ಹೊರಡುವ ದಿನ, ನನ್ನ ದೇಶ ನನಗೆ ಕೊಟ್ಟ ಕೆಂಪು ಟೋಪಿಯನ್ನು, ಬೆಳ್ಳಿ ದಾರದ ಮೂರು ಮೊಗ್ಗುಗಳ ಆ ಟೋಪಿಯನ್ನು, ಹುಸೇನನ ತಲೆಗೆ ನಾನೇ ಇಟ್ಟೆ. ಮದರಾಸಿನಲ್ಲಿ ಕುಡಿದ ಅಮಲಿನಲ್ಲಿ ಮರೆತು ಪೊಲೀಸರಿಗೆ ಬರೆದೆ. ಅವನು ನಿರಪರಾಧಿ."

ಇನ್ನೇನು ಬೇಕು ನಿಮಗೆ? ಮಗನ ತಲೆಗೆ ಟೋಪಿ ಇಡಿ, ಗಟ್ಟಿಯಾಗಿ ಹೇಳಿ.

ಮಹಾಂತಪ್ಪ


ಪೋರ್ಟರ್ ರ್ಯಾಂಚ್
3 ಮೇ 2006

ಮಹಾಂತಪ್ಪನವರೇ,

ಪತ್ರ ತಲುಪಿತು. ಮೂರು ಸಲ ಓದಿದೆ. ಒಂದೇ ಪ್ರಶ್ನೆ. "ಮೂರು ಮೊಗ್ಗು" ಅಂತ ದೊರೆಯೇ ಬರೆದಿದ್ದನೆ?

ಶಫಿ


ಸ್ಕ್ರಿಪ್ಸ್ ರ್ಯಾಂಚ್
9 ಮೇ 2006

ಶಫಿ ಸಾಹೇಬರೇ,

ಹೌದು, ಅವನದೇ ಮಾತು. ಅಕ್ಷರ ಅಕ್ಷರ ಅವನದೇ. ನನ್ನ ಕಣ್ಣಾರೆ ಓದಿದ್ದೇನೆ. ಅನುಮಾನ ಬೇಡ.

ಮಹಾಂತಪ್ಪ


ಪೋರ್ಟರ್ ರ್ಯಾಂಚ್
11 ಡಿಸೆಂಬರ್ 2007

ಮಹಾಂತಪ್ಪನವರೇ,

ಒಂದೂವರೆ ವರ್ಷ ಬರೆಯಲಿಲ್ಲ. ಅಕ್ಟೋಬರ್‌ನಲ್ಲಿ ಮತ್ತೆ ಆ ಕಡೆ ಬೆಂಕಿ ಬಿತ್ತು ಅಂದಾಗ ಮಾತ್ರ ಆದಿಲ್ ಕೈಲಿ ನಮ್ರತಾಗೆ ಫೋನ್ ಮಾಡಿಸಿ, ನೀವು ಕ್ಷೇಮ ಅಂತ ತಿಳಿದುಕೊಂಡೆ. ಮುಂದಿನ ಆಗಸ್ಟ್‌ಗೆ ಮುಜ್ತಬಾನ ನಿಕಾಹ್ ಗೊತ್ತಾಗಿದೆ. ಅದಕ್ಕೇ ಈಗ ಬರೆಯಲೇಬೇಕು.

ಆ ಮೂರು ಮೊಗ್ಗು ಬದರುನ್ನೀಸಾ ಹೊಲಿದದ್ದು.

1960ರಲ್ಲಿ, ನಮ್ಮ ನಿಕಾಹ್‌ಗೆ ಒಂದು ತಿಂಗಳ ಮುಂಚೆ, ನನ್ನ ಅಮ್ಮಿ ಆ ಟೋಪಿಯನ್ನು ರಿಪೇರಿಗೆ ಅಂತ ಮೈಸೂರಿಗೆ, ಹೆಣ್ಣಿನ ಮನೆಗೆ ಕಳಿಸಿದರು. ಅದರ ಮೇಲೆ ಮೊದಲು ಇದ್ದದ್ದು ಕಸೂತಿಯ ಮೂರು ಹಕ್ಕಿಗರಿ. ಅದು ವೇಲ್ಸ್‌ನವರ ಗುರುತಂತೆ. ನುಸಿ ತಿಂದು ಗರಿಗಳು ಅರ್ಧ ಹೋಗಿದ್ದವು. ಯಾರದೋ ಗುರುತು ಹೊತ್ತು ನಿಕಾಹ್‌ಗೆ ಕೂರುವುದು ಯಾಕೆ ಅಂತ ಅವಳು ಗರಿಗಳ ಮೇಲೇ ಬೆಳ್ಳಿ ದಾರ ಎಳೆದು ಮೂರು ಮಲ್ಲಿಗೆ ಮೊಗ್ಗು ಮಾಡಿದಳು. ನಾನು ಅವಳ ಮುಖ ನೋಡುವ ಮೊದಲು ನೋಡಿದ್ದು ಆ ಮೊಗ್ಗುಗಳನ್ನು. 1934ರಲ್ಲಿ ಸತ್ತ ದೊರೆ ಅವನ್ನು ಕಂಡಿರಲು ಸಾಧ್ಯವಿಲ್ಲ.

ತಪ್ಪು ನನ್ನದೂ ಇದೆ. ಕದ್ದ ಮಾಲಿನ ಗುರುತು ಅಳಿಸಿದ್ದಾರೆ ಅಂತ ನೀವು ಅಂದುಕೊಂಡೀರಿ ಅಂತ, ಒಂದು ದಾರವೂ ಬದಲಾಗಿಲ್ಲ ಅಂತ ಬರೆದೆ. ಬದರುನ್ನೀಸಾ ಆಗಲೇ ಸುಳ್ಳು ಅಂದಿದ್ದಳು.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಅಜ್ಜಿ ಕೂಡ ಪ್ರೀತಿಯಿಂದಲೇ ಟೋಪಿಯನ್ನು ರಾಗಿಯಲ್ಲಿ ಹುಗಿದದ್ದು. ಆದರೆ ನೀವು ಸುಳ್ಳು ಕಟ್ಟಿದ್ದೀರಿ ಅಂದರೆ ನಿಜ ಇನ್ನೇನೋ ಇದೆ. ನನಗೆ ಎಪ್ಪತ್ತೈದು. ಆ ಪುಸ್ತಕದಲ್ಲಿ ಏನಿತ್ತೋ ಅದನ್ನು ಬರೆದು ಕಳಿಸಿ.

ಶಫಿ


ಸ್ಕ್ರಿಪ್ಸ್ ರ್ಯಾಂಚ್
14 ಜನವರಿ 2008

ಶಫಿ ಸಾಹೇಬರೇ,

ನಾಲ್ಕು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ.

ಐವತ್ತೆರಡನೇ ಹಾಳೆಯಲ್ಲಿ ಅವನು ಬರೆದಿದ್ದ: "ನನ್ನ ಬದುಕಿನಲ್ಲಿ ನಾನು ಗಳಿಸಿದ್ದು ಅದೊಂದು ಟೋಪಿ. ಅದನ್ನು ಹುಸೇನ್ ಕದ್ದ. ಮದರಾಸಿನಿಂದ ಬರೆದು ಅವನನ್ನು ಹಿಡಿಸಿದೆ." ಓದಿದ ದಿನ ಊಟ ಮಾಡಲಿಲ್ಲ. ನೀವು ಅಂಚೆ ಡಬ್ಬಿ ತೆರೆಯುತ್ತಾ ನಿಂತಿದ್ದೀರಿ, ನಾನು ಏನು ಬರೆಯಲಿ? ಪುಸ್ತಕ ಮುಚ್ಚಿಟ್ಟೆ. ಪೂರ್ತಿ ಓದಿದೆ ಅಂದದ್ದು ಸುಳ್ಳು. ಮುಂದೆ ಒಂದು ಹಾಳೆಯನ್ನೂ ತಿರುವಲಿಲ್ಲ.

ಇದಕ್ಕಿಂತ ಕೆಟ್ಟದ್ದಿದೆ. ಬೆಂಕಿಯ ದಿನ ನಾನು ಕೋಣೆಗೆ ಹೋದೆ. ಶಿವಕ್ಕನ ಫೋಟೊ ತಗೊಂಡೆ, ಪಾಸ್‌ಪೋರ್ಟ್ ತಗೊಂಡೆ. ನೋಟ್‌ಬುಕ್ ಅವುಗಳ ಪಕ್ಕದಲ್ಲೇ ಇತ್ತು. ನಮ್ರತಾ ಹೊರಗಿನಿಂದ "ಅಪ್ಪಾ, ಲಗೂನ ಬಾ" ಅಂತ ಕೂಗುತ್ತಿದ್ದಳು. ನಾನು ಅದನ್ನು ನೋಡಿದೆ. ಸುಟ್ಟುಹೋದರೆ ಶಫಿಗೆ ಎಂದೂ ಗೊತ್ತಾಗುವುದಿಲ್ಲ ಅಂದುಕೊಂಡೆ. ಕೈಯಲ್ಲಿ ಜಾಗ ಇತ್ತು. ಬಿಟ್ಟು ಬಂದೆ.

ಹೋದ ವಾರ ಮಿಸೆಸ್ ಟಟ್ಲ್ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ. ಅವಳಿಗೆ ಈಗ ಮರೆವು, ನನ್ನ ಗುರುತೇ ಸಿಗಲಿಲ್ಲ. ನಡುವೆ ಒಂದು ಮಾತು ಹೇಳಿದಳು. ಕೊನೆಯ ಹಾಳೆಗಳನ್ನು ಬರೆಯುವಾಗ ಮುದುಕ ಅಡಿಗೆಮನೆಯಲ್ಲಿ ಕೂತು ಅಳುತ್ತಿದ್ದನಂತೆ, "ಇಂಡಿಯಾದಲ್ಲಿ ಒಬ್ಬನಿಗೆ ತಪ್ಪು ಮಾಡಿದೆ" ಅಂತ ಅವಳ ತಾಯಿಯ ಹತ್ತಿರ ಅಂದನಂತೆ. ಯಾರಿಗೆ, ಏನು ಅಂತ ಕೇಳಿದೆ. ಅವಳು ನನಗೆ ಟೀ ಬೇಕೆ ಅಂತ ಕೇಳಿದಳು.

ಆ ಒಬ್ಬ ನಿಮ್ಮ ತಾತನೇ ಇರಬಹುದು, ಇಲ್ಲದೆಯೂ ಇರಬಹುದು. ಅರವತ್ತು ಹಾಳೆ ಇದ್ದವು ಸಾಹೇಬರೇ, ನಾನು ಓದದ ಅರವತ್ತು ಹಾಳೆ. ನಿಮ್ಮ ತಾತನಿಗೆ ಆರು ತಿಂಗಳು ಕೊಟ್ಟ ಕೋರ್ಟಿಗೂ ನನಗೂ ವ್ಯತ್ಯಾಸ ಏನು? ಅವರೂ ಅರ್ಧ ಕೇಳಿದರು, ನಾನೂ ಅರ್ಧ ಓದಿದೆ.

ಕ್ಷಮಿಸಿ ಅಂತ ಕೇಳುವ ಯೋಗ್ಯತೆ ನನಗಿಲ್ಲ. ಮದುವೆಗೆ ಬರುವುದಿಲ್ಲ.

ಮಹಾಂತಪ್ಪ


ಪೋರ್ಟರ್ ರ್ಯಾಂಚ್
24 ಆಗಸ್ಟ್ 2008

ಮಹಾಂತಪ್ಪನವರೇ,

ನಿಮ್ಮ ಪತ್ರಕ್ಕೆ ಏಳು ತಿಂಗಳು ಉತ್ತರ ಹುಡುಕಿದೆ. ಸಿಗಲಿಲ್ಲ. ನಡೆದದ್ದನ್ನು ಮಾತ್ರ ಬರೆಯುತ್ತೇನೆ.

ನಿಕಾಹ್ ನಿನ್ನೆ ಶನಿವಾರ ಮಧ್ಯಾಹ್ನ ಆಯಿತು. ಹುಡುಗಿಯ ಮನೆಯವರು ಬೆಂಗಳೂರಿನವರೇ, ಒಳ್ಳೆಯ ಜನ. ನಿಮಗಾಗಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಇಡಿಸಿದ್ದೆ, ಖಾಲಿ ಉಳಿಯಿತು.

ಟೋಪಿ ಇಡುವುದಿಲ್ಲ ಅಂತ ಮೊದಲೇ ಆದಿಲ್‌ಗೆ ಹೇಳಿದ್ದೆ. ಕಾರಣ ಹೇಳಲಿಲ್ಲ, ಹೇಳಿದರೆ ನಿಮ್ಮ ಹೆಸರು ಬರುತ್ತಿತ್ತು. ಅವನು ಒಪ್ಪಲಿಲ್ಲ. "ಅಮ್ಮಿ ಹೊಲಿದಿರೋದು ಅಬ್ಬಾ, ಅವರಿದ್ದಿದ್ರೆ ಇಡಿಸ್ತಿರಲಿಲ್ವಾ?" ಅಂದ.

ಎದ್ದು ನಿಂತು ಮುಜ್ತಬಾನ ತಲೆಗೆ ಟೋಪಿ ಇಟ್ಟೆ. ಮೂರು ಮೊಗ್ಗು ಹಣೆಯ ನಡುವಿಗೆ ಬರುವಂತೆ ಸರಿಮಾಡಿದೆ. ಸಭೆ ನನ್ನನ್ನೇ ನೋಡುತ್ತಿತ್ತು. ಬಾಯಿ ತೆರೆದೆ. ಕೊಟ್ಟಿದ್ದು ಅನ್ನಲಾಗಲಿಲ್ಲ, ಕದ್ದಿದ್ದು ಅನ್ನಲೂ ಆಗಲಿಲ್ಲ. ಹುಡುಗಿಯ ಕಡೆಯವರು ಮುಖ ಮುಖ ನೋಡಿಕೊಂಡರು. ಮುದುಕನಿಗೆ ಕಿವಿ ಕೇಳಿಸುವುದಿಲ್ಲ, ಯಾವಾಗ ಹೇಳಬೇಕು ಅಂತ ತಿಳಿಯಲಿಲ್ಲ ಅಂತ ಎಲ್ಲರೂ ಅಂದುಕೊಂಡರು.

ಆಗ ಆದಿಲ್ ನನ್ನ ಪಕ್ಕ ಬಂದು ಹೆಗಲ ಮೇಲೆ ಕೈ ಇಟ್ಟು, ನನ್ನ ಬದಲು ಅವನೇ ಸಭೆಗೆ ಹೇಳಿದ. ನನಗೆ ಒಂದು ಶಬ್ದವೂ ಕೇಳಲಿಲ್ಲ. ಆದರೆ ಅವನ ತುಟಿ ಕಾಣುತ್ತಿತ್ತು. "ಕೈಯಾರೆ ಕೊಟ್ಟಿದ್ದು" ಅನ್ನುವಾಗ ಅದು ಎಲ್ಲೂ ತಡೆಯಲಿಲ್ಲ.

ಶಫಿ